ಮೆಸ್ಸಿಯೇ ಪಟ್ಟಿ: ಧೂಮಕೇತುಗಳಲ್ಲದ ಮಬ್ಬು ಕಲೆಗಳ ದಾಖಲೆ

ದೂರದರ್ಶಕದಲ್ಲಿ ಧೂಮಕೇತುವನ್ನು ಮೊದಲ ಬಾರಿಗೆ ನೋಡಿದವರಿಗೆ ಸಾಮಾನ್ಯವಾಗಿ ನಿರಾಸೆಯಾಗುತ್ತದೆ. ಚಿತ್ರಗಳಲ್ಲಿ ಕಾಣುವ ಉದ್ದನೆಯ ಬಾಲ ಅಲ್ಲಿರುವುದಿಲ್ಲ. ಸೂರ್ಯನಿಂದ ಇನ್ನೂ ದೂರದಲ್ಲಿರುವ ಧೂಮಕೇತು, ಕನ್ನಡಿಯ ಮೇಲೆ ಉಸಿರು ಬಿಟ್ಟಾಗ ಮೂಡುವ ಆವಿಯ ಕಲೆಯಂತೆ, ಅಂಚು ಎಲ್ಲಿ ಮುಗಿಯಿತೆಂದು ಹೇಳಲಾಗದ ಮಸುಕು ಬಿಳುಪು ಮಾತ್ರ. ತೊಡಕೆಂದರೆ, ಆಕಾಶದಲ್ಲಿ ಹಾಗೆಯೇ ಕಾಣುವ, ಆದರೆ ಧೂಮಕೇತುಗಳಲ್ಲದ ಕಲೆಗಳು ಬೇಕಾದಷ್ಟಿವೆ. ಒಂದು ನೋಟದಲ್ಲಿ ಇವನ್ನು ಬೇರ್ಪಡಿಸಲಾಗುವುದಿಲ್ಲ. ಇರುವ ಪರೀಕ್ಷೆ ಚಲನೆಯೊಂದೇ. ಧೂಮಕೇತು ಸೌರವ್ಯೂಹದೊಳಗಿನದಾದ್ದರಿಂದ ಹಿನ್ನೆಲೆಯ ನಕ್ಷತ್ರಗಳ ನಡುವೆ ಕೆಲವು ಗಂಟೆಗಳಲ್ಲೋ ಒಂದೆರಡು ರಾತ್ರಿಗಳಲ್ಲೋ ಜಾಗ ಬದಲಿಸುತ್ತದೆ; ಉಳಿದವು ನೆಟ್ಟಲ್ಲೇ ನಿಂತಿರುತ್ತವೆ. ಮರುದಿನ ಮೋಡ ಕವಿದರೆ, ಕಂಡದ್ದು ಯಾವುದೆಂಬುದು ತಿಳಿಯದೆಯೇ ವಾರಗಟ್ಟಲೆ ಕಾಯಬೇಕಾಗುತ್ತದೆ.

ಈ ತೊಡಕಿನಿಂದಲೇ ಹುಟ್ಟಿದ್ದು ಇಂದು ಮೆಸ್ಸಿಯೇ ಪಟ್ಟಿ ಎಂದು ಹೆಸರಾಗಿರುವ, ಎಂ 1 ರಿಂದ ಎಂ 110 ರವರೆಗಿನ ಆಕಾಶಕಾಯಗಳ ದಾಖಲೆ. ಇದನ್ನು ಸಿದ್ಧಪಡಿಸಿದವರು ಫ್ರಾನ್ಸಿನ ಶಾರ್ಲ್ ಮೆಸ್ಸಿಯೇ. ಇಂಗ್ಲಿಷ್ ಓದಿನ ಮೂಲಕ ನಮ್ಮಲ್ಲಿ ಅವರು ಚಾರ್ಲ್ಸ್ ಮೆಸ್ಸಿಯರ್ ಎಂದೂ ಪರಿಚಿತರು. ಧೂಮಕೇತು ಬೇಟೆಗೆ ಅಡ್ಡಬರುವ ವಸ್ತುಗಳನ್ನು ಬದಿಗೆ ಸರಿಸಲು ಮಾಡಿಕೊಂಡ ಪಟ್ಟಿ ಇದು ಎಂದು ಎಲ್ಲೆಡೆ ಬರೆಯಲಾಗುತ್ತದೆ. ಈ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಬರಿಯ ಅಡಚಣೆಗಳ ಪಟ್ಟಿಯಾಗಿದ್ದರೆ ಅದು ಅದನ್ನು ಬರೆದವರ ಕಾಲಕ್ಕೇ ಮುಗಿದುಹೋಗುತ್ತಿತ್ತು. ಅದು ಉಳಿದುಬಂದದ್ದು ಅದರಲ್ಲಿನ ಪ್ರತಿಯೊಂದು ಕಲೆಗೂ ಅಳೆದು ಬರೆದ ಸ್ಥಾನ, ನೋಡಿದ ದಿನಾಂಕ ಮತ್ತು ಕಂಡದ್ದನ್ನಷ್ಟೇ ಹೇಳುವ ಒಂದು ವರ್ಣನೆ ಇದ್ದುದರಿಂದ.

ಮೆಸ್ಸಿಯೇ ಹುಟ್ಟಿದ್ದು 1730 ರ ಜೂನ್ 26 ರಂದು, ಲೊರೇನ್ ಪ್ರಾಂತ್ಯದ ಬಾದೊನ್‌ವಿಲೆ ಎಂಬ ಊರಿನಲ್ಲಿ, ಹನ್ನೆರಡು ಮಕ್ಕಳಲ್ಲಿ ಹತ್ತನೆಯವರಾಗಿ. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಹದಿಮೂರರ ಹರೆಯದಲ್ಲಿ, 1744 ರಲ್ಲಿ, ಆರು ಬಾಲಗಳ ದೊಡ್ಡ ಧೂಮಕೇತುವೊಂದು ಯುರೋಪಿನ ಆಕಾಶದಲ್ಲಿ ಕಾಣಿಸಿಕೊಂಡಿತ್ತು. 1751 ರಲ್ಲಿ ಪ್ಯಾರಿಸ್ಸಿಗೆ ಬಂದ ಅವರಿಗೆ ನೌಕಾಪಡೆಯ ಖಗೋಳಜ್ಞ ಜೋಸೆಫ್ ನಿಕೊಲಾ ದೆಲಿಲ್ ಅವರಲ್ಲಿ ಕೆಲಸ ಸಿಕ್ಕಿತು. ಸಿಕ್ಕಿದ್ದು ಗಣಿತದ ಪಾಂಡಿತ್ಯಕ್ಕಾಗಿ ಅಲ್ಲ, ಅಂದವಾದ ಕೈಬರಹ ಮತ್ತು ನಕ್ಷೆ ಬರೆಯುವ ಕೌಶಲಕ್ಕಾಗಿ. ಇದನ್ನು ನಾನು ಸಣ್ಣ ವಿವರವೆಂದು ಭಾವಿಸುವುದಿಲ್ಲ. ಅಚ್ಚುಕಟ್ಟಾಗಿ ಬರೆದಿಡುವ ಗುಮಾಸ್ತನ ಶಿಸ್ತು ಇಲ್ಲದೆ ಈ ಪಟ್ಟಿ ಆಗುತ್ತಿರಲಿಲ್ಲ. ದೆಲಿಲ್ ಅವರ ವೀಕ್ಷಣಾಲಯವಿದ್ದದ್ದು ಪ್ಯಾರಿಸ್ಸಿನ ನಡುವೆ, ಕ್ಲೂನಿ ಭವನದ ಗೋಪುರದ ಮೇಲೆ. ಆ ಕಟ್ಟಡ ಈಗ ಮಧ್ಯಯುಗದ ಕಲೆಯ ವಸ್ತುಸಂಗ್ರಹಾಲಯವಾಗಿದೆ.

ಆಗ ಎಲ್ಲರೂ ಕಾಯುತ್ತಿದ್ದುದು ಒಂದೇ ಧೂಮಕೇತುವಿಗಾಗಿ. 1682 ರಲ್ಲಿ ಕಂಡದ್ದು 1758 ರ ಸುಮಾರಿಗೆ ಮರಳಿ ಬರುವುದೆಂದು ಎಡ್ಮಂಡ್ ಹ್ಯಾಲಿ 1705 ರಲ್ಲಿ ಪ್ರಕಟಿಸಿದ್ದರು. ನ್ಯೂಟನ್ನನ ಗುರುತ್ವ ನಿಯಮ ಧೂಮಕೇತುಗಳಿಗೂ ಅನ್ವಯಿಸುತ್ತದೆಯೇ ಎಂಬುದಕ್ಕೆ ಅದೇ ಪರೀಕ್ಷೆ. ದೆಲಿಲ್ ಬರೆದುಕೊಟ್ಟ ನಕ್ಷೆಯನ್ನು ಹಿಡಿದು ಮೆಸ್ಸಿಯೇ ಒಂದೂವರೆ ವರ್ಷ ಹುಡುಕಿದರು. ನಕ್ಷೆಯೇ ತಪ್ಪಾಗಿತ್ತು. ಜರ್ಮನಿಯ ಪಾಲಿಚ್ ಎಂಬ ರೈತ ಖಗೋಳಾಸಕ್ತ 1758 ರ ಡಿಸೆಂಬರ್ 25 ರಂದು ಹ್ಯಾಲಿ ಧೂಮಕೇತುವನ್ನು ಕಂಡರು. ಆ ಸುದ್ದಿ ತಿಳಿಯದೆಯೇ ಮೆಸ್ಸಿಯೇ ಅದನ್ನು ತಾವಾಗಿ ಕಂಡದ್ದು 1759 ರ ಜನವರಿ 21 ರಂದು.

ಆದರೆ ಈ ಹುಡುಕಾಟದ ನಡುವೆ, 1758 ರ ಆಗಸ್ಟ್ 28 ರಂದು, ಆ ವರ್ಷದ ಇನ್ನೊಂದು ಧೂಮಕೇತುವನ್ನು ಹಿಂಬಾಲಿಸುತ್ತಿದ್ದಾಗ ವೃಷಭ ರಾಶಿಯ ದಕ್ಷಿಣದ ಕೊಂಬಿನ ಬಳಿ ಅವರಿಗೊಂದು ಬೆಳ್ಳನೆಯ ಕಲೆ ಕಂಡಿತು. ಮೋಂಬತ್ತಿಯ ಜ್ವಾಲೆಯಂತೆ ನೀಳವಾಗಿ, ಒಳಗೆ ನಕ್ಷತ್ರವಿಲ್ಲದೆ ಇದ್ದ ಅದು ಜಾಗ ಬಿಟ್ಟು ಕದಲಲಿಲ್ಲ. ಸೆಪ್ಟೆಂಬರ್ 12 ರಂದು ಅದರ ಸ್ಥಾನವನ್ನು ಅಳೆದು ಬರೆದಿಟ್ಟರು. ಅದೇ ಎಂ 1. ತಾನು ಈ ಪಟ್ಟಿಗೆ ಕೈಹಾಕಲು ಆ ಕಲೆಯೇ ಕಾರಣ, ಅಂಥವುಗಳನ್ನು ಇತರರು ಈಗಷ್ಟೇ ಬೆಳಗತೊಡಗಿದ ಧೂಮಕೇತುಗಳೆಂದು ತಪ್ಪು ತಿಳಿಯದಿರಲಿ ಎಂಬುದೇ ಉದ್ದೇಶ ಎಂದು ಅವರೇ ಮುಂದೆ ವಿವರಿಸಿದ್ದಾರೆ. ಇಂಗ್ಲೆಂಡಿನ ಜಾನ್ ಬೆವಿಸ್ ಅದನ್ನು 1731 ರಲ್ಲೇ ಕಂಡಿದ್ದರು. ಆ ವಿಷಯ ಮೆಸ್ಸಿಯೇಗೆ ತಿಳಿದದ್ದು ಬಹಳ ತಡವಾಗಿ.

ಕಲೆಯ ಸ್ಥಾನವನ್ನು ಅಳೆಯುವುದೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪಟ್ಟಿಯ ಜೀವ ಇರುವುದು ಅಲ್ಲಿ. ಭೂಮಿಯ ಮೇಲೆ ಊರೊಂದನ್ನು ರೇಖಾಂಶ ಮತ್ತು ಅಕ್ಷಾಂಶಗಳಿಂದ ಗುರುತಿಸುವಂತೆ ಆಕಾಶದ ಬಿಂದುವನ್ನೂ ಎರಡು ಸಂಖ್ಯೆಗಳಿಂದ ಗುರುತಿಸುತ್ತಾರೆ: ಒಂದು ಪೂರ್ವ–ಪಶ್ಚಿಮದ ಅಳತೆ, ಇನ್ನೊಂದು ಉತ್ತರ–ದಕ್ಷಿಣದ ಅಳತೆ. ಮಬ್ಬು ಕಲೆಯ ಈ ಸಂಖ್ಯೆಗಳನ್ನು ನೇರವಾಗಿ ಓದುವ ಬದಲು, ಸ್ಥಾನ ಮೊದಲೇ ತಿಳಿದಿರುವ ಹತ್ತಿರದ ನಕ್ಷತ್ರವೊಂದರಿಂದ ಅದು ಎಷ್ಟು ಸರಿದಿದೆ ಎಂದು ಅಳೆಯುವುದು ಸುಲಭ. ದೂರದರ್ಶಕವನ್ನು ಅಲುಗಿಸದೆ ಒಂದೆಡೆ ನಿಲ್ಲಿಸಿದರೆ ಆಕಾಶವೇ ಅದರ ಮುಂದೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ, ಗಂಟೆಗೆ 15 ಡಿಗ್ರಿಯಂತೆ. ಕಣ್ಣುಮಸೂರದೊಳಗೆ ಬಿಗಿದ ತೆಳ್ಳನೆಯ ತಂತಿಯನ್ನು ಮೊದಲು ನಕ್ಷತ್ರ ದಾಟಿದ ಕ್ಷಣವನ್ನೂ ಅನಂತರ ಕಲೆ ದಾಟಿದ ಕ್ಷಣವನ್ನೂ ಗಡಿಯಾರದಲ್ಲಿ ನೋಡಿಕೊಂಡರೆ, ಆ ಎರಡರ ನಡುವಿನ ಅಂತರವೇ ಪೂರ್ವ–ಪಶ್ಚಿಮದ ವ್ಯತ್ಯಾಸ. ನಾಲ್ಕು ನಿಮಿಷ ಕಳೆದರೆ ಸುಮಾರು ಒಂದು ಡಿಗ್ರಿ. ಮೇಲೆ ಕೆಳಗೆ ಸರಿಯುವ ಇನ್ನೊಂದು ತಂತಿಯನ್ನು ತಿರುಪಿನಿಂದ ಹೊಂದಿಸಿ ಉತ್ತರ–ದಕ್ಷಿಣದ ವ್ಯತ್ಯಾಸವನ್ನು ಪಡೆಯಬಹುದು. ಬಳಿಕ ಇವನ್ನು ನಕ್ಷತ್ರದ ಸ್ಥಾನಕ್ಕೆ ಕೂಡಬೇಕು ಇಲ್ಲವೇ ಕಳೆಯಬೇಕು. ಚುಕ್ಕೆಯಂಥ ನಕ್ಷತ್ರಕ್ಕೆ ಇದು ಸುಲಭ, ಅಂಚಿಲ್ಲದ ಮಬ್ಬಿಗೆ ಕಷ್ಟ. ತಂತಿಯನ್ನು ದಾಟಿದ್ದು ಅದರ ನಡುಭಾಗವೇ ಎಂದು ಕಣ್ಣಂದಾಜಿನಿಂದಲೇ ನಿರ್ಧರಿಸಬೇಕು. ಮೆಸ್ಸಿಯೇ ಇದನ್ನು ನೂರಕ್ಕೂ ಹೆಚ್ಚು ಕಲೆಗಳಿಗೆ ಮಾಡಿದರು.

ವ್ಯವಸ್ಥಿತವಾದ ಹುಡುಕಾಟ ಆರಂಭವಾದದ್ದು 1764 ರಲ್ಲಿ. ಆ ವರ್ಷದ ಮೇ 3 ರಂದು ಕಂಡ ಎಂ 3, ಅವರಿಗಿಂತ ಮೊದಲು ಯಾರೂ ಕಂಡಿರದಿದ್ದ ಮೊದಲ ಕಲೆ. ವರ್ಷ ಮುಗಿಯುವುದರೊಳಗೆ ಸಂಖ್ಯೆ ನಲವತ್ತಕ್ಕೆ ಮುಟ್ಟಿತು. ಹಿಂದಿನವರು ಹೇಳಿದ್ದ ಕಲೆಗಳನ್ನೂ ಅವರು ಒಂದೊಂದಾಗಿ ಪರೀಕ್ಷಿಸಿದರು. ಅವುಗಳಲ್ಲಿ ಕೆಲವು ಗಿಯೋಮ್ ಲ ಜಾಂತಿ ಅವರು ಕಂಡವು. ಆಂಡ್ರೊಮಿಡಾ ಕಲೆಯ ಪಕ್ಕದ ಎಂ 32 ಅವರದೇ, 1749 ರದು. ಇದೇ ಲ ಜಾಂತಿ ಶುಕ್ರಸಂಕ್ರಮವನ್ನು, ಅಂದರೆ ಶುಕ್ರಗ್ರಹ ಸೂರ್ಯಬಿಂಬದ ಮುಂದೆ ಹಾಯುವುದನ್ನು, ನೋಡಲು ಪಾಂಡಿಚೇರಿಗೆ ಹೊರಟವರು. ಅವರು ತಲುಪುವ ಮುನ್ನವೇ ಊರು ಇಂಗ್ಲಿಷರ ವಶವಾದ್ದರಿಂದ 1761 ರ ಸಂಕ್ರಮವನ್ನು ಹಡಗಿನ ಮೇಲೆ ಕಳೆದರು, 1769 ರದ್ದಕ್ಕಾಗಿ ಕಾದು ಪಾಂಡಿಚೇರಿಯಲ್ಲೇ ಕುಳಿತಾಗ ಮೋಡ ಕವಿಯಿತು.

ಮೊದಲ ಪಟ್ಟಿಯನ್ನು 1771 ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟಾಗ ಅದರಲ್ಲಿ 45 ಕಲೆಗಳಿದ್ದವು, ಮತ್ತು ಕೊನೆಯ ನಾಲ್ಕು ಯೋಚನೆಗೆ ಹಚ್ಚುತ್ತವೆ. ಎಂ 42 ಮತ್ತು ಎಂ 43 ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆಯ ಭಾಗಗಳು, ಎಂ 44 ನಮ್ಮ ಪುಷ್ಯ ನಕ್ಷತ್ರದ ನಡುವಿನ ಮಸುಕು, ಎಂ 45 ಎಂದರೆ ಹಳ್ಳಿಯ ಮಕ್ಕಳೂ ಬಲ್ಲ ಕೃತ್ತಿಕೆ. ಕೃತ್ತಿಕೆಯನ್ನು ಧೂಮಕೇತುವೆಂದು ಭ್ರಮಿಸುವ ವೀಕ್ಷಕ ಜಗತ್ತಿನಲ್ಲಿಲ್ಲ. ಹಾಗಿದ್ದರೂ 1769 ರ ಮಾರ್ಚ್ 4 ರಂದು ಮೆಸ್ಸಿಯೇ ಇವುಗಳ ಸ್ಥಾನವನ್ನೂ ಅಳೆದು ಸೇರಿಸಿದರು. ಗುಡ್‌ಹೋಪ್ ಭೂಶಿರದಿಂದ ದಕ್ಷಿಣಾಕಾಶವನ್ನು ನೋಡಿ 1755 ರಲ್ಲಿ ಫ್ರೆಂಚ್ ಖಗೋಳಜ್ಞ ಲಕಾಯ್ ಪ್ರಕಟಿಸಿದ್ದ ಪಟ್ಟಿಯಲ್ಲಿ 42 ಇದ್ದುದರಿಂದ ಅದನ್ನು ಮೀರಿಸುವ ಆಸೆಯಿತ್ತೆಂದು ಕೆಲವರು ಊಹಿಸುತ್ತಾರೆ. ಇರಬಹುದು. ಆದರೆ ಅಷ್ಟರಲ್ಲಿ ಕೆಲಸದ ಸ್ವರೂಪವೇ ಬದಲಾಗಿತ್ತು, ಮಬ್ಬಾಗಿ ಕಾಣುವುದೆಲ್ಲವನ್ನೂ ಅಳೆದಿಡಬೇಕೆಂಬ ಹಂಬಲ ಬೇಟೆಯ ಜೊತೆಗೆ ಬೆಳೆದಿತ್ತು ಎಂದೇ ನನಗೆ ತೋರುತ್ತದೆ.

ಎರಡನೆಯ ಪಟ್ಟಿ 1780 ರಲ್ಲಿ 68 ಕ್ಕೂ, ಮೂರನೆಯದು 1781 ರಲ್ಲಿ 103 ಕ್ಕೂ ಏರಿತು. ಎರಡೂ ಫ್ರೆಂಚ್ ಖಗೋಳ ಪಂಚಾಂಗದಲ್ಲಿ ಅಚ್ಚಾದವು. ಈ ಏರಿಕೆಗೆ ಕಿರಿಯ ಸಹೋದ್ಯೋಗಿ ಪಿಯೆರ್ ಮೆಶೈನ್ ದೊಡ್ಡ ಕಾರಣ. ಮೆಶೈನ್ ಕಂಡು ತಿಳಿಸುತ್ತಿದ್ದರು, ಮೆಸ್ಸಿಯೇ ನೋಡಿ, ಅಳೆದು, ಸೇರಿಸುತ್ತಿದ್ದರು. 1781 ರ ಮಾರ್ಚ್ 18 ರ ಒಂದೇ ರಾತ್ರಿ ಎಂ 84 ರಿಂದ ಎಂ 92 ರವರೆಗಿನ ಒಂಬತ್ತೂ ದಾಖಲಾದವು. ಅವುಗಳಲ್ಲಿ ಎಂಟು ಕನ್ಯಾ ರಾಶಿಯ ಉತ್ತರ ಭಾಗದಲ್ಲೂ ಅದರ ನೆರೆಯಲ್ಲೂ ಒತ್ತೊತ್ತಾಗಿದ್ದವು. ಆಕಾಶದ ಆ ಭಾಗದಲ್ಲಿ ಇಂಥ ಕಲೆಗಳು ಬಹಳ ಎಂದು ಅವರು ಟಿಪ್ಪಣಿ ಬರೆದರು. ಗ್ಯಾಲಕ್ಸಿ ಎಂಬ ಕಲ್ಪನೆಯೇ ಸ್ಪಷ್ಟವಾಗಿರದ ಕಾಲದಲ್ಲಿ ಗ್ಯಾಲಕ್ಸಿಗಳ ಒಂದು ಮಹಾಗುಂಪನ್ನು ಗುರುತಿಸಿದ ಟಿಪ್ಪಣಿ ಅದು. ಎಂ 104 ರಿಂದ 110 ರವರೆಗಿನ ಸಂಖ್ಯೆಗಳು ಅವರು ಕೊಟ್ಟವಲ್ಲ; ಅವರೋ ಮೆಶೈನೋ ನೋಡಿದ್ದರೆಂಬುದಕ್ಕೆ ಆಧಾರ ಸಿಕ್ಕಿದ್ದನ್ನು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಸೇರಿಸಿದರು.

ಹಾಗಾದರೆ ಒಂದೇ ಬಗೆಯಾಗಿ ಕಂಡ ಈ ಕಲೆಗಳು ನಿಜವಾಗಿ ಏನು? ಉತ್ತರದಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಹಲವು ಬಗೆಯ ವಸ್ತುಗಳಿವೆ. ಕೃತ್ತಿಕೆ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಸಡಿಲ ಗುಚ್ಛ. ಮಹಾವ್ಯಾಧನ ನೀಹಾರಿಕೆ ಸುಮಾರು 1,350 ಜ್ಯೋತಿರ್ವರ್ಷ ದೂರದ ಅನಿಲರಾಶಿ. ಅದರೊಳಗೆ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಎಂ 27 ಮತ್ತು ಎಂ 57 ಸೂರ್ಯನಂಥ ನಕ್ಷತ್ರಗಳು ಮುಪ್ಪಿನಲ್ಲಿ ಕಳಚಿ ಹಾಕಿದ ಹೊರಪದರಗಳು. ಎಂ 13 ಲಕ್ಷಾಂತರ ನಕ್ಷತ್ರಗಳು ಚೆಂಡಿನಂತೆ ಒತ್ತಿಕೊಂಡಿರುವ ಗೋಳಗುಚ್ಛ, ದೂರ ಇಪ್ಪತ್ತು ಸಾವಿರ ಜ್ಯೋತಿರ್ವರ್ಷಕ್ಕೂ ಹೆಚ್ಚು. ಎಂ 31, ಅಂದರೆ ಆಂಡ್ರೊಮಿಡಾ, ನಮ್ಮ ಆಕಾಶಗಂಗೆಯಂಥದೇ ಬೇರೊಂದು ಗ್ಯಾಲಕ್ಸಿ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಮಾರ್ಚ್ 18 ರ ಆ ರಾತ್ರಿ ದಾಖಲಾದ ಎಂ 87 ಐದು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯದು. 2019 ರ ಏಪ್ರಿಲ್‌ನಲ್ಲಿ ಜಗತ್ತು ಮೊದಲ ಬಾರಿಗೆ ಕಂಡ ಕಪ್ಪುರಂಧ್ರದ ಚಿತ್ರ ಅದರ ಒಡಲಿನದು. ನಾನೂರು ಜ್ಯೋತಿರ್ವರ್ಷದಿಂದ ಕೋಟಿಗಳವರೆಗಿನ ಈ ದೂರಗಳು ಒಂದು ಗೇಣಿಗಿಂತ ಕಿರಿದಾದ ಕನ್ನಡಿಯಲ್ಲಿ ಒಂದೇ ತೆರನ ಮಸುಕಾಗಿ ಕಂಡವು. ಅಂದಿನ ದೂರದರ್ಶಕಗಳ ಕನ್ನಡಿ ಗಾಜಿನದಲ್ಲ, ತಾಮ್ರ ಮತ್ತು ತವರದ ಮಿಶ್ರಲೋಹದ್ದು. ಬಿದ್ದ ಬೆಳಕಿನಲ್ಲಿ ಗಣನೀಯ ಭಾಗ ಅಲ್ಲೇ ನಷ್ಟವಾಗುತ್ತಿತ್ತು. ಹೀಗಾಗಿ ಎಂ 13 ರ ಬಗ್ಗೆ, ಅದರಲ್ಲಿ ನಕ್ಷತ್ರವೇ ಇಲ್ಲವೆಂದು ಮೆಸ್ಸಿಯೇ ಬರೆದರು. ಇದನ್ನು ತಪ್ಪೆನ್ನುವುದು ಸರಿಯಲ್ಲ. ತಮ್ಮ ಉಪಕರಣ ತೋರಿಸಿದ್ದಕ್ಕಿಂತ ಒಂದು ಎಳೆಯನ್ನೂ ಅವರು ಹೆಚ್ಚು ಹೇಳಲಿಲ್ಲ.

ಈ ಪಟ್ಟಿಯಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆಯುವುದು, ಇವು ಆಕಾಶದಲ್ಲಿ ಹಂಚಿಕೊಂಡಿರುವ ಬಗೆ. ಪಟ್ಟಿಯಲ್ಲಿ 29 ಗೋಳಗುಚ್ಛಗಳಿವೆ. ಅವು ಆಕಾಶದ ತುಂಬ ಸಮವಾಗಿ ಹರಡಿಲ್ಲ. ಧನು, ಉರಗಧರ ಮತ್ತು ವೃಶ್ಚಿಕ ಎಂಬ ಒಂದಕ್ಕೊಂದು ತಾಗಿಕೊಂಡ ಮೂರು ಪುಂಜಗಳಲ್ಲೇ 16 ಇವೆ. ಗೋಳಗುಚ್ಛಗಳು ಆಕಾಶಗಂಗೆಯ ಕೇಂದ್ರವನ್ನು ಸುತ್ತುವರಿದಿರುವಂಥವು. ನಾವು ಆ ಕೇಂದ್ರದಲ್ಲೇ ಇದ್ದಿದ್ದರೆ ಅವು ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕಾಣಬೇಕಿತ್ತು. ಒಂದೇ ಕಡೆ ಗುಂಪುಗೂಡಿ ಕಾಣುವುದೆಂದರೆ ಕೇಂದ್ರ ಆ ಕಡೆಗಿದೆ, ನಾವು ಅಂಚಿನತ್ತ ಇದ್ದೇವೆ ಎಂದರ್ಥ. ಅಮೆರಿಕದ ಖಗೋಳಜ್ಞ ಹಾರ್ಲೋ ಶ್ಯಾಪ್ಲಿ ಗೋಳಗುಚ್ಛಗಳ ದೂರಗಳನ್ನು ಅಂದಾಜಿಸಿ ಈ ನಿರ್ಣಯಕ್ಕೆ ಬಂದದ್ದು 1918 ರಲ್ಲಿ. ಇನ್ನೊಂದೆಡೆ, ಪಟ್ಟಿಯ 40 ಗ್ಯಾಲಕ್ಸಿಗಳಲ್ಲಿ ಒಂದೂ ಆಕಾಶಗಂಗೆಯ ಬಿಳಿಪಟ್ಟಿಯ ಮೇಲಿಲ್ಲ. ಅವು ಕನ್ಯಾ, ಸಪ್ತರ್ಷಿಮಂಡಲದಂಥ ಪಟ್ಟಿಯಿಂದ ದೂರದ ಕಡೆಗಳಲ್ಲೇ ಹೆಚ್ಚು. ಗ್ಯಾಲಕ್ಸಿಗಳು ಆ ದಿಕ್ಕಿನಲ್ಲಿ ಇಲ್ಲವೆಂದಲ್ಲ, ನಮ್ಮದೇ ಆಕಾಶಗಂಗೆಯ ಧೂಳು ಅವುಗಳ ಬೆಳಕನ್ನು ತಡೆಯುತ್ತದೆ. ಸಡಿಲ ಗುಚ್ಛಗಳು ಮತ್ತು ಅನಿಲ ನೀಹಾರಿಕೆಗಳಾದರೋ ಬಹುಪಾಲು ಆ ಬಿಳಿಪಟ್ಟಿಯ ಮೇಲೆಯೇ ಇವೆ, ಏಕೆಂದರೆ ನಕ್ಷತ್ರಗಳು ಹುಟ್ಟುವುದು ಆಕಾಶಗಂಗೆಯ ತಟ್ಟೆಯೊಳಗೆ. ಯಾವ ಸಿದ್ಧಾಂತವನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಸ್ಥಾನಗಳನ್ನಷ್ಟೇ ಬರೆದಿಟ್ಟ ದಾಖಲೆಯೊಳಗೆ ನಾವಿರುವ ಗ್ಯಾಲಕ್ಸಿಯ ಆಕಾರ ಹೀಗೆ ಅಡಗಿ ಕುಳಿತಿತ್ತು.

ತಪ್ಪುಗಳೂ ಇದ್ದವು, ಅವು ಸರಿಯಾದ ರೀತಿಯೂ ಪಾಠದಂತಿದೆ. ಎಂ 40 ಕೇವಲ ಎರಡು ನಕ್ಷತ್ರಗಳು. ಹಿಂದಿನವರು ಅಲ್ಲೊಂದು ಕಲೆಯಿದೆ ಎಂದಿದ್ದರು, ಮೆಸ್ಸಿಯೇಗೆ ನಕ್ಷತ್ರಗಳಷ್ಟೇ ಕಂಡವು, ಆದರೂ ಸ್ಥಾನ ಬರೆದರು. ಎಂ 47 ಎಂದು ಕೊಟ್ಟ ಜಾಗದಲ್ಲಿ ಏನೂ ಇರಲಿಲ್ಲವಾದ್ದರಿಂದ ಅದು ಬಹುಕಾಲ ಕಳೆದುಹೋದ ವಸ್ತುವೆನಿಸಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಲೆಕ್ಕವನ್ನು ಹಿಂದುಮುಂದಾಗಿ ಮಾಡಿ ನೋಡಿದಾಗ ಗುಟ್ಟು ತಿಳಿಯಿತು: ಅಳತೆ ಸರಿಯಾಗಿಯೇ ಇತ್ತು, ಆದರೆ ಆಧಾರ ನಕ್ಷತ್ರದಿಂದ ಪಶ್ಚಿಮಕ್ಕೆ ಎಣಿಸಬೇಕಾದ ಅಂತರವನ್ನು ಪೂರ್ವಕ್ಕೆ ಎಣಿಸಲಾಗಿತ್ತು. ಚಿಹ್ನೆ ತಿರುಗಿಸಿದೊಡನೆ ಬೊಟ್ಟು ನೇರವಾಗಿ ಒಂದು ಉಜ್ವಲ ನಕ್ಷತ್ರಗುಚ್ಛದ ಮೇಲೆ ಹೋಗಿ ನಿಂತಿತು. ಎಂ 91 ರ ಕಥೆಯೂ ಅಂಥದೇ. ಒಂದು ಗ್ಯಾಲಕ್ಸಿಯಿಂದ ಅಳೆದ ಅಂತರವನ್ನು ಮೆಸ್ಸಿಯೇ ಇನ್ನೊಂದರ ಸ್ಥಾನಕ್ಕೆ ಕೂಡಿದ್ದಿರಬೇಕೆಂದು 1969 ರಲ್ಲಿ ಟೆಕ್ಸಸ್ಸಿನ ಹವ್ಯಾಸಿ ಖಗೋಳಾಸಕ್ತರೊಬ್ಬರು ತೋರಿಸಿದರು. ಎಂ 102 ಹಿಂದಿನ ಎಂ 101 ರದೇ ಪುನರುಕ್ತಿಯೆಂದು ಮೆಶೈನ್ 1783 ರಲ್ಲಿ ಪತ್ರ ಬರೆದು ತಾವೇ ಒಪ್ಪಿಕೊಂಡರು, ಆದರೂ ಆ ಸಂಖ್ಯೆ ಬೇರೊಂದು ಗ್ಯಾಲಕ್ಸಿಗೆ ಸೇರಿದ್ದೆಂಬ ವಾದ ಇಂದಿಗೂ ನಿಂತಿಲ್ಲ. ಅಂದಾಜಿನಲ್ಲಿ ಬರೆದ ತಪ್ಪನ್ನು ಯಾರೂ ತಿದ್ದಲಾರರು. ಅಳೆದು ಬರೆದ ತಪ್ಪನ್ನು ಇನ್ನೂರು ವರ್ಷಗಳ ನಂತರವೂ ತಿದ್ದಬಹುದು.

ಮೂರನೆಯ ಪಟ್ಟಿ ಸಿದ್ಧವಾದ ವರ್ಷವೇ, 1781 ರ ನವೆಂಬರ್ 6 ರಂದು, ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಮೆಸ್ಸಿಯೇ ಮಂಜುಗಡ್ಡೆ ಸಂಗ್ರಹಿಸುವ ಆಳವಾದ ನೆಲಮಾಳಿಗೆಗೆ ಬಿದ್ದು ಕೈ, ತೊಡೆ, ಪಕ್ಕೆಲುಬು ಮುರಿದುಕೊಂಡರು. ವರ್ಷ ಕಾಲ ಆಕಾಶ ನೋಡಲಾಗಲಿಲ್ಲ. ಅದೇ ಹೊತ್ತಿಗೆ ಪಟ್ಟಿಯ ಪ್ರತಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಅವರ ಕೈ ಸೇರಿತು. ಹರ್ಷೆಲ್ ತಮ್ಮ ದೊಡ್ಡ ದೂರದರ್ಶಕದಿಂದ ಮೆಸ್ಸಿಯೇ ಕಂಡಿದ್ದ ಹಲವು ಕಲೆಗಳನ್ನು ಬಿಡಿ ನಕ್ಷತ್ರಗಳಾಗಿ ಒಡೆದು ನೋಡಿದರು, ತಂಗಿ ಕ್ಯಾರೊಲಿನ್ ಅವರ ನೆರವಿನಿಂದ 1802 ರ ವೇಳೆಗೆ ಸುಮಾರು 2,500 ಹೊಸ ಕಲೆಗಳನ್ನು ದಾಖಲಿಸಿದರು. ಇದರ ಬಗ್ಗೆ ಮೆಸ್ಸಿಯೇ ಬರೆದ ಮಾತಿನಲ್ಲಿ ಕಹಿಯಿಲ್ಲ: ಹರ್ಷೆಲ್ ಕಂಡವು ದೊಡ್ಡ ಉಪಕರಣಕ್ಕಷ್ಟೇ ನಿಲುಕುವಂಥವು, ಸಣ್ಣ ದೂರದರ್ಶಕದಿಂದ ಧೂಮಕೇತು ಹುಡುಕುವವನಿಗೆ ಅವು ಅಡ್ಡಬರುವುದೇ ಇಲ್ಲ, ಆದ್ದರಿಂದ ತನ್ನ ಗುರಿ ಬೇರೆ, ಹರ್ಷೆಲ್ ಗುರಿ ಬೇರೆ ಎಂಬುದು ಅದರ ಸಾರ. ಫ್ರೆಂಚ್ ಕ್ರಾಂತಿಯಲ್ಲಿ ಅವರು ಸಂಬಳ ಕಳೆದುಕೊಂಡರು. 1793 ರಲ್ಲಿ ಅವರು ಕಂಡ ಧೂಮಕೇತುವಿನ ಕಕ್ಷೆಯನ್ನು ಸೆರೆಮನೆಯಲ್ಲಿ ಕುಳಿತು ಲೆಕ್ಕ ಹಾಕಿಕೊಟ್ಟ ಗೆಳೆಯ ಬೊಶಾರ್ ದ ಸರೋನ್, 1794 ರ ಏಪ್ರಿಲ್‌ನಲ್ಲಿ ಗಿಲೊಟಿನ್‌ಗೆ ಬಲಿಯಾದರು. ಮೆಸ್ಸಿಯೇ 1817 ರ ಏಪ್ರಿಲ್ 12 ರವರೆಗೆ ಬದುಕಿದರು. ಅವರ ಹೆಸರಿಗಿರುವ ಧೂಮಕೇತುಗಳು ಸುಮಾರು ಹದಿಮೂರು. ಜೀವಮಾನವೆಲ್ಲ ಬೆನ್ನಟ್ಟಿದ ಅವುಗಳನ್ನು ಇಂದು ತಜ್ಞರಷ್ಟೇ ಬಲ್ಲರು.

ಕರ್ನಾಟಕದಲ್ಲಿರುವವರಿಗೆ ಈ ಪಟ್ಟಿಯ ವಿಷಯದಲ್ಲಿ ಒಂದು ಅನುಕೂಲವಿದೆ, ಅದು ಮೆಸ್ಸಿಯೇಗೆ ಇರಲಿಲ್ಲ. ಪಟ್ಟಿಯಲ್ಲಿ ಅತ್ಯಂತ ದಕ್ಷಿಣಕ್ಕಿರುವ ಎಂ 7, ವೃಶ್ಚಿಕದ ಬಾಲದ ತುದಿಯಲ್ಲಿ, ಮೂಲಾ ನಕ್ಷತ್ರಕ್ಕೆ ಸಮೀಪದಲ್ಲಿದೆ. ಪ್ಯಾರಿಸ್ಸಿನಲ್ಲಿ ಅದು ದಿಗಂತದಿಂದ ಆರೇಳು ಡಿಗ್ರಿಗಿಂತ ಮೇಲೇರುವುದಿಲ್ಲ. ಮನೆಗಳ ಮಾಡಿನ ಮೇಲಿನ ಹೊಗೆಯಲ್ಲೇ ಅವರು ಅದನ್ನು ಹಿಡಿಯಬೇಕಾಗಿತ್ತು. ಬೆಂಗಳೂರಿನ ಅಕ್ಷಾಂಶದಲ್ಲಿ ಅದೇ ಗುಚ್ಛ 42 ಡಿಗ್ರಿ ಎತ್ತರಕ್ಕೆ ಬರುತ್ತದೆ. ಉತ್ತರದ ಎಂ 81, ಎಂ 82 ಕೂಡ ನಮಗೆ ಮೂವತ್ತು ಡಿಗ್ರಿಗೂ ಮೇಲೆ ಕಾಣುತ್ತವೆ. ಮಾರ್ಚ್ ಕೊನೆಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಸಂಜೆಯಿಂದ ಬೆಳಗಿನವರೆಗೆ ಕುಳಿತರೆ ಪಟ್ಟಿಯ ಬಹುತೇಕ ಎಲ್ಲವನ್ನೂ ಒಂದೇ ರಾತ್ರಿ ನೋಡಬಹುದಾದ್ದರಿಂದ ಜಗತ್ತಿನ ಹವ್ಯಾಸಿಗಳು ಅದನ್ನು ಮೆಸ್ಸಿಯೇ ಮ್ಯಾರಥಾನ್ ಎಂದು ಕರೆಯುತ್ತಾರೆ. ಮೊದಲಿಗೆ ಅಷ್ಟು ಬೇಡ. ಪೇಟೆಯ ದೀಪಗಳಿಂದ ದೂರದ ಹೊಲವೊಂದರಲ್ಲಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಟ್ಟು, ಸಾಧಾರಣ ಬೈನಾಕ್ಯುಲರ್ ಹಿಡಿದು ಪುಷ್ಯದ ಕಡೆ ತಿರುಗಿದರೆ ಬರಿಗಣ್ಣಿಗೆ ಮಸುಕಾಗಿದ್ದ ಎಂ 44 ಹತ್ತಾರು ಚುಕ್ಕೆಗಳಾಗಿ ಬಿಡಿಬಿಡಿಯಾಗುತ್ತದೆ. ಅಲ್ಲಿಂದ ಆಂಡ್ರೊಮಿಡಾದ ಕಡೆ ತಿರುಗಲು ನವೆಂಬರ್‌ವರೆಗೆ ಕಾಯಬೇಕು. ಎಂ 31 ಮಾತ್ರ ಬೈನಾಕ್ಯುಲರ್‌ನಲ್ಲೂ ಮಸುಕಾಗಿಯೇ ಉಳಿಯುತ್ತದೆ, 1764 ರ ಆಗಸ್ಟ್‌ನಲ್ಲಿ ಮೆಸ್ಸಿಯೇ ಕಂಡಂತೆ, ಬುಡಕ್ಕೆ ಬುಡ ತಾಗಿಸಿಟ್ಟ ಎರಡು ಬೆಳಕಿನ ಶಂಕುಗಳ ಹಾಗೆ.